ಒಂದು ಚುಕ್ಕೆ ತಪ್ಪಿದರೆ ಎಷ್ಟು ದೂರ ಕೇಳಿಸುತ್ತದೆ?

ಡಿಸೆಂಬರ್ 22, ರಾಮಾನುಜನ್ ಹುಟ್ಟಿದ ದಿನ. ಬಾಗಲಕೋಟೆಯ ನವನಗರದ ಕಾಲೇಜೊಂದರಲ್ಲಿ ಅಂದು ನಾನು ಆಡಿದ ಮಾತುಗಳ ಬರಹ ರೂಪ ಇದು. ಎದುರಿಗೆ ಬಿ.ಎಸ್ಸಿ., ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು, ಅವರ ಮಾಸ್ತರುಗಳು, ಕೊನೆಯ ಸಾಲಿನಲ್ಲಿ ಒಂದಿಬ್ಬರು ನಿವೃತ್ತ ನೀರಾವರಿ ಇಂಜಿನಿಯರುಗಳು. ಮಾತು ಶುರುವಾಗಿ ಐದು ನಿಮಿಷಕ್ಕೆ ಕರೆಂಟ್ ಹೋಯಿತು. ನಲವತ್ತು ಸ್ಲೈಡು ಮಾಡಿಕೊಂಡು ಹೋಗಿದ್ದೆ, ಒಂದನ್ನೂ ತೋರಿಸಲಾಗಲಿಲ್ಲ. ಉಳಿದದ್ದು ಬೋರ್ಡು, ಸೀಮೆಸುಣ್ಣ ಮತ್ತು ನನ್ನ ಚೀಲದಲ್ಲಿದ್ದ ಒಂದು ಬಿದಿರಿನ ಸೀಳು. ಒಳ್ಳೆಯದೇ ಆಯಿತು ಎಂದು ಈಗ ಅನ್ನಿಸುತ್ತದೆ. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.

*

ಮಳೆಗಾಲ ಬಂತೆಂದರೆ ನಮ್ಮ ಕಡೆ ಪೇಪರ್ ಬಿಡಿಸಿದವರು ಮೊದಲು ಹುಡುಕುವುದು ಆಲಮಟ್ಟಿಯ ನೀರಿನ ಮಟ್ಟವನ್ನು. ತುಂಬಿದಾಗ 519.60 ಮೀಟರ್, ಸುಮಾರು 123 ಟಿಎಂಸಿ. ಈ ಎರಡು ಸಂಖ್ಯೆ ಇಲ್ಲಿಯ ಹುಡುಗರಿಗೆ ಮಗ್ಗಿಯ ಹಾಗೆ ಬಾಯಿಗೆ ಬಂದಿರುತ್ತವೆ. ಬರದೆ ಏನು? ಹಳೇ ಬಾಗಲಕೋಟೆಯ ಓಣಿಗಳು ಮುಳುಗಿದ್ದು, ನಾವು ಕೂತಿರುವ ಈ ನವನಗರ ಎದ್ದದ್ದು ಆ ಅಣೆಕಟ್ಟಿನ ನೀರಿನಿಂದಲೇ ಅಲ್ವಾ?

ಈಗ ಒಂದು ಸಣ್ಣ ಪ್ರಶ್ನೆ. ಮೀಟರು ಗೊತ್ತಾಗುವುದು ಅಳತೆಪಟ್ಟಿ ನೋಡಿ. ಟಿಎಂಸಿ ಹೇಗೆ ಗೊತ್ತಾಗುತ್ತದೆ? ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಅದನ್ನು ಕೊಡದಲ್ಲಿ ತುಂಬಿ ಎಣಿಸಿದವರು ಯಾರೂ ಇಲ್ಲ. ಜಲಾಶಯದ ತಳವನ್ನು ಸರ್ವೆ ಮಾಡಿ, ಇಷ್ಟು ಮಟ್ಟಕ್ಕೆ ಇಷ್ಟು ನೀರು ಎಂದು ಮೊದಲೇ ಒಂದು ಪಟ್ಟಿ ಮಾಡಿಟ್ಟಿರುತ್ತಾರೆ. ಮಟ್ಟ ನೋಡಿ, ಪಟ್ಟಿ ನೋಡಿ, ಟಿಎಂಸಿ ಹೇಳುತ್ತಾರೆ. ದೊಡ್ಡ ಅಣೆಕಟ್ಟಿಗೂ ಅಷ್ಟೇ, ಊರ ಕೆರೆಗೂ ಅಷ್ಟೇ.

ತೊಂದರೆ ಇರುವುದು ಎರಡು ಸಾಲುಗಳ ನಡುವೆ. ಪಟ್ಟಿಯಲ್ಲಿ 510 ಇದೆ, 511 ಇದೆ ಎಂದುಕೊಳ್ಳಿ. ಇವತ್ತಿನ ಮಟ್ಟ 510.37. ಆಗ ಏನು ಬರೆಯಬೇಕು? ಗೊತ್ತಿರುವ ಚುಕ್ಕೆಗಳ ನಡುವಿನ ಗೊತ್ತಿಲ್ಲದ ಜಾಗ ತುಂಬುವ ಈ ಕೆಲಸಕ್ಕೆ ಇಂಟರ್‌ಪೊಲೇಷನ್ ಎನ್ನುತ್ತಾರೆ. ನಮ್ಮವರಿಗೆ ಇದು ಹೊಸದಲ್ಲ. ಆರ್ಯಭಟನ ಜ್ಯಾ (ಸೈನ್) ಪಟ್ಟಿಯಲ್ಲಿ ಇದ್ದದ್ದು 24 ಬೆಲೆಗಳು. ನಡುವಿನದನ್ನು ಬರೀ ನೇರ ಗೆರೆಯಿಂದ ತುಂಬಿದರೆ ಸಾಲದು ಎಂದು 7ನೇ ಶತಮಾನದಲ್ಲೇ ಬ್ರಹ್ಮಗುಪ್ತ ಎರಡನೇ ದರ್ಜೆಯ ಸೂತ್ರ ಕೊಟ್ಟಿದ್ದ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪರಿಚಯದವರೊಬ್ಬರು ಒಂದು ಕೆರೆಯ ಪಟ್ಟಿ ತಂದುಕೊಟ್ಟರು. ಕೈಬರಹದ್ದು, 21 ಸಾಲು, ಸಮ ಅಂತರದ ಮಟ್ಟಗಳು. ನಡುವಿನ ಬೆಲೆಗಳು ಬೇಕಾಗಿದ್ದವು. ನನಗೋ ಹೊಸ ಹುರುಪು. 21 ಚುಕ್ಕೆಗಳ ಮೂಲಕ ಹಾದುಹೋಗುವ 20ನೇ ಘಾತದ ಬಹುಪದೋಕ್ತಿ (ಎಕ್ಸ್, ಎಕ್ಸ್ ವರ್ಗ, ಹೀಗೆ ಎಕ್ಸ್‌ನ 20ನೇ ಘಾತದವರೆಗೆ ಕೂಡಿಸಿದ ಸೂತ್ರ) ಒಂದೇ ಒಂದು ಇರುತ್ತದೆ ಎಂದು ಓದಿದ್ದೆನಲ್ಲ, ಅದನ್ನೇ ಹೂಡಿದೆ. ಪಟ್ಟಿಯ 21 ಸಾಲಿಗೂ ಉತ್ತರ ಸರಿಯಾಗಿ ತಾಳೆಯಾಯಿತು. ಖುಷಿಯಿಂದ ಮೊದಲ ಎರಡು ಸಾಲುಗಳ ನಡುವಿನ ಬೆಲೆ ಕೇಳಿದೆ. ಸೊನ್ನೆಗಿಂತ ಕಡಿಮೆ ಬಂತು. ಸ್ವಲ್ಪ ಅಲ್ಲ, ಸಾವಿರಗಟ್ಟಲೆ ಕಡಿಮೆ. ಕೆರೆಯೇ ನಮ್ಮಿಂದ ನೀರು ಸಾಲ ಕೇಳುವ ಹಾಗೆ.

ತಪ್ಪು ತಳದಲ್ಲಿ ಕಂಡಿತು, ಹಾಗಾಗಿ ತಳದಲ್ಲೇ ಹುಡುಕಿದೆ. ಮೊದಲ ಐದು ಸಾಲನ್ನು ಎರಡು ದಿನ ತಿರುತಿರುಗಿ ನೋಡಿದೆ. ಎಲ್ಲಾ ಸರಿ ಇತ್ತು. ನಿಜವಾದ ತಪ್ಪು ಇದ್ದದ್ದು 11ನೇ ಸಾಲಿನಲ್ಲಿ, ನಟ್ಟನಡುವೆ. ಕೊನೆಯ ಅಂಕಿ 1 ಇದ್ದದ್ದನ್ನು ನಾನು 7 ಎಂದು ಓದಿದ್ದೆ. ಬರೀ 6ರ ತಪ್ಪು.

ಇಲ್ಲಿಗೆ ಬರುವ ಹೊತ್ತಿಗೆ ಮೂರನೇ ಸಾಲಿನಿಂದ ಒಬ್ಬ ಹುಡುಗ ಎದ್ದ. "ಸರ, ಎಲ್ಲಾ ಚುಕ್ಕಿನೂ ಮುಟ್ಟಿ ಹೊಕ್ಕೈತಿ ಅಂದ್ಮ್ಯಾಲ ನಡುವ ಯಾಕ ತಪ್ಪತೈತ್ರಿ?"

ಇದೇ ನೋಡಿ ಇವತ್ತಿನ ವಿಷಯ. ಚುಕ್ಕೆಗಳನ್ನು ಮುಟ್ಟುವುದು ದೊಡ್ಡ ಮಾತಲ್ಲ. ಎಂಥ ಹುಚ್ಚು ಗೆರೆಯೂ ಅದನ್ನು ಮಾಡುತ್ತದೆ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಒಂದು ಚುಕ್ಕೆಯನ್ನು ಚೂರು ಅಲುಗಿಸಿದರೆ ಗೆರೆ ಎಷ್ಟು ಅಲುಗುತ್ತದೆ? ಎಲ್ಲಿಯವರೆಗೆ ಅಲುಗುತ್ತದೆ? ಈ ಪ್ರಶ್ನೆಗೇ ಗಣಿತದಲ್ಲಿ ಸ್ಥಿರತೆ ಎಂದು ಹೆಸರು.

ನನ್ನ ಕೆರೆಯ ಲೆಕ್ಕವನ್ನೇ ತಗೊಳ್ಳಿ. 21 ಸಮ ಅಂತರದ ಚುಕ್ಕೆ. ನಡುವಿನದನ್ನು 1 ಜಾಸ್ತಿ ಮಾಡಿ, ಉಳಿದ 20ನ್ನು ಮುಟ್ಟಬೇಡಿ. ಮೊದಲ ಎರಡು ಚುಕ್ಕೆಗಳ ಸರಿಮಧ್ಯದಲ್ಲಿ ಬಹುಪದೋಕ್ತಿ ಎಷ್ಟು ಕೆಳಗಿಳಿಯುತ್ತದೆ? ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. ಹುಡುಗರು ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಗುಣಿಸಿದರು. ಸುಮಾರು 1219. ಅಂದರೆ ನಟ್ಟನಡುವೆ ಒಂದು ಸೆಂಟಿಮೀಟರ್ ತಪ್ಪಿದರೆ ತುದಿಯಲ್ಲಿ ಹನ್ನೆರಡು ಮೀಟರ್. ನನ್ನ ತಪ್ಪು 6. ಗುಣಿಸಿ ನೋಡಿ, ಏಳು ಸಾವಿರ ದಾಟುತ್ತದೆ. ಕೆರೆ ಸಾಲ ಕೇಳಿದ್ದು ಯಾಕೆ ಎಂದು ಗೊತ್ತಾಯಿತಲ್ಲ.

ಒಂದು ಚುಕ್ಕೆಯ ಮಾತಾಯಿತು. ಎಲ್ಲಾ ಚುಕ್ಕೆಗಳಲ್ಲೂ ಒಂದಿಷ್ಟು ತಪ್ಪಿದ್ದು, ಅವೆಲ್ಲ ಸೇರಿ ಸಂಚು ಮಾಡಿದರೆ? ಹೆಚ್ಚೆಂದರೆ ಎಷ್ಟು ಪಟ್ಟು ಕೆಡಬಹುದು ಎಂಬುದಕ್ಕೆ ಒಂದು ಸಂಖ್ಯೆ ಇದೆ, ಲೆಬೆಗ್ ಸ್ಥಿರಾಂಕ ಎನ್ನುತ್ತಾರೆ. ಸಮ ಅಂತರದ 11 ಚುಕ್ಕೆಗೆ ಅದು ಸುಮಾರು 30. 21 ಚುಕ್ಕೆಗೆ ಹತ್ತಿರ ಹತ್ತಿರ 11,000. ಜಾಸ್ತಿ ಅಳತೆ ಮಾಡಿದಷ್ಟೂ ಉತ್ತರ ಕೆಡುತ್ತಾ ಹೋಗುತ್ತದೆ! ಇದಕ್ಕಿಂತ ಅನ್ಯಾಯ ಇನ್ನೇನಿದೆ?

ಅಳತೆಯಲ್ಲಿ ಒಂಚೂರೂ ತಪ್ಪಿಲ್ಲದಿದ್ದರೂ ಪಾರಾಗುವುದಿಲ್ಲ. 1901ರಲ್ಲಿ ಜರ್ಮನಿಯ ಕಾರ್ಲ್ ರುಂಗೆ ಇದನ್ನು ತೋರಿಸಿದ. ಅವನು ತೆಗೆದುಕೊಂಡದ್ದು ಒಂದು ಮುದ್ದಾದ ಗುಡ್ಡ: ಒಂದನ್ನು, ಒಂದು ಕೂಡಿಸು 25 ಎಕ್ಸ್ ವರ್ಗದಿಂದ ಭಾಗಿಸಿ, ಮೈನಸ್ ಒಂದರಿಂದ ಒಂದರವರೆಗೆ. ಗುಡ್ಡದ ಎತ್ತರವೇ 1. 11 ಚುಕ್ಕೆ ಇಟ್ಟು ಬಹುಪದೋಕ್ತಿ ಎಳೆದರೆ ತುದಿಯ ಹತ್ತಿರ ತಪ್ಪು 1.9. 21 ಇಟ್ಟರೆ 60ರ ಹತ್ತಿರ. ಚುಕ್ಕೆಗಳನ್ನು ತುದಿಗಳ ಕಡೆ ಒತ್ತೊತ್ತಾಗಿ ಇಟ್ಟರೆ ಈ ಕಾಯಿಲೆ ವಾಸಿಯಾಗುತ್ತದೆ, ನಿಜ. ರಷ್ಯಾದ ಗಣಿತಜ್ಞ ಚೆಬಿಶೇವ್ ಹೇಳಿದ ಜಾಗಗಳಲ್ಲಿ ಇಟ್ಟರೆ 21 ಚುಕ್ಕೆಗೂ ಲೆಬೆಗ್ ಸಂಖ್ಯೆ 3 ದಾಟುವುದಿಲ್ಲ. ಆದರೆ ಕೆರೆಯ ಪಟ್ಟಿ ಮಾಡಿದವರು ಚೆಬಿಶೇವನನ್ನು ಕೇಳಿ ಮಾಡಿರುವುದಿಲ್ಲವಲ್ಲ. ಕೈಗೆ ಬಂದ ಚುಕ್ಕೆಗಳಲ್ಲೇ ಕೆಲಸ ಆಗಬೇಕು.

ಹೊತ್ತಿಗೆ ಸರಿಯಾಗಿ ಎರಡನೇ ಸಾಲಿನ ಹುಡುಗಿ ಕೈ ಎತ್ತಿದಳು. ಇಳಕಲ್ ಕಡೆಯವಳು, ಮನೆಯಲ್ಲಿ ಮಗ್ಗ ಇದೆಯಂತೆ. "ಸರ, ಇದು ಸ್ವೆಟರ್ ಇದ್ದಂಗ್ರಿ. ಒಂದ್ ಎಳಿ ಜಗ್ಗಿದ್ರ ಆ ಕಡಿತನ ಬಿಚ್ಕೊಂತ ಹೊಕ್ಕೈತಿ. ಸೀರಿಯೊಳಗ ಹಂಗಾಗಂಗಿಲ್ರಿ. ಒಂದ್ ಎಳಿ ಹರಿದ್ರ ಅಲ್ಲಿಗೇ ನಿಂದರತೈತಿ."

ನನ್ನ ನಲವತ್ತು ಸ್ಲೈಡಿನಲ್ಲಿ ಇಷ್ಟು ಚೆಂದದ ಮಾತು ಇರಲಿಲ್ಲ. ಹೆಣೆದದ್ದಕ್ಕೂ ನೇಯ್ದದ್ದಕ್ಕೂ ಇರುವ ವ್ಯತ್ಯಾಸ ಅದು. ಬಹುಪದೋಕ್ತಿ ಒಂದೇ ದಾರದಲ್ಲಿ ಹೆಣೆದ ಸ್ವೆಟರ್. ನಮಗೆ ಬೇಕಾದದ್ದು ಇಳಕಲ್ ಸೀರೆ.

ಈಗ ಬಿದಿರಿನ ಸೀಳು ಹೊರಗೆ ತೆಗೆದೆ. ನಾಲ್ಕು ಹುಡುಗರನ್ನು ಬೋರ್ಡಿನ ಹತ್ತಿರ ನಿಲ್ಲಿಸಿ, ಬೋರ್ಡಿನ ನಾಲ್ಕು ಚುಕ್ಕೆಗಳಲ್ಲಿ ಸೀಳನ್ನು ಬೆರಳಿನಿಂದ ಒತ್ತಿ ಹಿಡಿಯಲು ಹೇಳಿದೆ. ಸೀಳು ತಾನಾಗಿಯೇ ಒಂದು ನುಣುಪಾದ ಗೆರೆಯಾಗಿ ನಿಂತಿತು. ಹಡಗು ಕಟ್ಟುವವರು ಹಿಂದೆ ಮಾಡುತ್ತಿದ್ದದ್ದೂ ಇದನ್ನೇ. ಮರದ ತೆಳು ಪಟ್ಟಿಯನ್ನು ಬಗ್ಗಿಸಿ, ಅಲುಗದ ಹಾಗೆ ಸೀಸದ ತೂಕಗಳನ್ನು ಇಟ್ಟು, ಅದರ ಗುಂಟ ಗೆರೆ ಎಳೆಯುತ್ತಿದ್ದರು. ಆ ಪಟ್ಟಿಯ ಹೆಸರೇ ಸ್ಪ್ಲೈನ್. ತೂಕಗಳಿಗೆ ಅವರು ಇಟ್ಟ ಹೆಸರು ಬಾತುಕೋಳಿ! ಎರಡನೇ ಮಹಾಯುದ್ಧದ ಕಾಲಕ್ಕೆ ಐಸಾಕ್ ಶೋನ್‌ಬರ್ಗ್ ಎಂಬ, ರೊಮೇನಿಯಾದಲ್ಲಿ ಹುಟ್ಟಿದ ಗಣಿತಜ್ಞ ಅಮೆರಿಕದ ಸೈನ್ಯದ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ. ಅವನು 1946ರಲ್ಲಿ ಬರೆದ ಪ್ರಬಂಧದಿಂದ ಈ ಬಡಿಗರ ಪಟ್ಟಿ ಗಣಿತಕ್ಕೆ ಬಂತು.

ಗಣಿತದ ಸ್ಪ್ಲೈನ್ ಎಂದರೆ ತುಂಡು ತುಂಡು ಬಹುಪದೋಕ್ತಿ. ಎರಡು ಚುಕ್ಕೆಗಳ ನಡುವೆ ಒಂದು ತುಂಡು, ಮೂರನೇ ಘಾತದ್ದು, ಅದಕ್ಕೇ ಘನ ಸ್ಪ್ಲೈನ್ ಎನ್ನುವುದು. ತುಂಡುಗಳು ಸೇರುವ ಜಾಗಕ್ಕೆ ಗಂಟು ಎನ್ನುತ್ತೇವೆ. ಗಂಟಿನಲ್ಲಿ ಮೂರು ವಿಷಯ ಕೂಡಿಬರಬೇಕು: ಎತ್ತರ, ಇಳಿಜಾರು, ಬಾಗು. ಬಾಗು ಎಂದರೆ ಇಳಿಜಾರು ಎಷ್ಟು ಬೇಗ ಬದಲಾಗುತ್ತಿದೆ ಎಂಬುದು. ಕ್ಯಾಲ್ಕುಲಸ್ ಓದಿದವರಿಗೆ ಎರಡನೇ ಡೆರಿವೇಟಿವ್. ಚುಕ್ಕೆಗಳನ್ನು ಮುಟ್ಟಿ ಹೋಗುವ ನುಣುಪು ಗೆರೆಗಳಲ್ಲೆಲ್ಲ, ಬಾಗಿನ ವರ್ಗದ ಒಟ್ಟು ಮೊತ್ತ ಅತಿ ಕಡಿಮೆ ಇರುವುದು ತುದಿಗಳನ್ನು ಸುಮ್ನೆ ಬಿಟ್ಟ ಘನ ಸ್ಪ್ಲೈನಿನಲ್ಲೇ. 1957ರಲ್ಲಿ ಹಾಲಡೇ ಇದನ್ನು ಸಾಧಿಸಿದ. ಬಿದಿರಿನ ಸೀಳು ಕೂಡ ಸೋಮಾರಿ, ಎಷ್ಟು ಬೇಕೋ ಅಷ್ಟೇ ಬಾಗುತ್ತದೆ. (ಗೆರೆ ತೀರಾ ಕಡಿದಾದರೆ ಬಿದಿರಿಗೂ ಸೂತ್ರಕ್ಕೂ ಚೂರು ವ್ಯತ್ಯಾಸ ಬರುತ್ತದೆ. ಭೌತಶಾಸ್ತ್ರದ ಮಾಸ್ತರರು ಕೈ ಎತ್ತುವ ಮೊದಲೇ ಒಪ್ಪಿಕೊಂಡೆ.)

ಇನ್ನು ಲೆಕ್ಕದ ಹೃದಯ. ಸಮ ಅಂತರದ ಚುಕ್ಕೆಗಳಿದ್ದರೆ, ಮೂರೂ ಕೂಡಿಬರಬೇಕು ಎಂಬ ಷರತ್ತು ಪ್ರತಿ ಗಂಟಿನಲ್ಲೂ ಒಂದೇ ಒಂದು ಸಾಲಿಗೆ ಇಳಿಯುತ್ತದೆ: ಎಡ ನೆರೆಯವನ ಬಾಗು, ನನ್ನ ಬಾಗಿನ ನಾಲ್ಕು ಪಟ್ಟು, ಬಲ ನೆರೆಯವನ ಬಾಗು, ಈ ಮೂರನ್ನು ಕೂಡಿಸಿದರೆ ಚುಕ್ಕೆಗಳಿಂದ ಸಿಗುವ ಒಂದು ಸಂಖ್ಯೆ. ಒಂದು, ನಾಲ್ಕು, ಒಂದು. ಬೋರ್ಡಿನ ಮೇಲೆ ಇದನ್ನು ದೊಡ್ಡದಾಗಿ ಬರೆದೆ. ನೆರೆಯವರ ಮಾತು ಕಿವಿಗೆ ಬೀಳುತ್ತದೆ, ಆದರೆ ಮನೆ ನಡೆಯುವುದು ನಮ್ಮ ಮಾತಿನ ಮೇಲೆ. ನಮ್ಮ ಮಾತಿಗೆ 4ರ ತೂಕ, ಇಬ್ಬರು ನೆರೆಯವರದೂ ಸೇರಿ 2ರ ತೂಕ. ಸ್ಪ್ಲೈನಿನ ಸ್ಥಿರತೆಯೆಲ್ಲ ಈ 4, 2ಕ್ಕಿಂತ ದೊಡ್ಡದು ಎನ್ನುವುದರಲ್ಲಿದೆ.

ಅದು ಹೇಗೆ ಕೆಲಸ ಮಾಡುತ್ತದೆ? ಒಂದು ಗಂಟಿನ ಬಾಗಿನಲ್ಲಿ ತಪ್ಪಾಯಿತು ಎನ್ನಿ. ನೆರೆಯ ಗಂಟಿಗೆ ಅದರ ಎಷ್ಟು ಪಾಲು ದಾಟುತ್ತದೆ? ಪ್ರತಿ ಗಂಟಿಗೂ ತಪ್ಪು ಎಕ್ಸ್ ಪಟ್ಟು ಆಗುತ್ತದೆ ಎಂದುಕೊಂಡು ಒಂದು, ನಾಲ್ಕು, ಒಂದರ ವರ್ಗಸಮೀಕರಣ (ಎಕ್ಸ್ ವರ್ಗ, ನಾಲ್ಕು ಎಕ್ಸ್, ಒಂದು, ಮೂರೂ ಕೂಡಿದರೆ ಸೊನ್ನೆ) ಬಿಡಿಸಿ. ಹತ್ತನೇ ಕ್ಲಾಸಿನವರೂ ಬಿಡಿಸುತ್ತಾರೆ. ಎರಡು ಉತ್ತರ ಬರುತ್ತವೆ. ಒಂದು ಮೈನಸ್ 0.268, ಇನ್ನೊಂದು ಮೈನಸ್ 3.732. ಮೊದಲನೆಯದನ್ನು ನೋಡಿ. ಒಂದು ರೂಪಾಯಿಯ ತಪ್ಪು ಪಕ್ಕದ ಗಂಟಿಗೆ ಹೋಗುವಾಗ 27 ಪೈಸೆ. ಅದರಾಚೆಗೆ 7 ಪೈಸೆ. ಅದರಾಚೆಗೆ 2. ನಾಲ್ಕನೇ ಗಂಟಿಗೆ ಅರ್ಧ ಪೈಸೆ. ಹತ್ತು ಗಂಟು ದಾಟುವ ಹೊತ್ತಿಗೆ ರೂಪಾಯಿ ಸವೆದು ಹತ್ತು ಲಕ್ಷದಲ್ಲಿ ಎರಡು ಪಾಲಾಗಿರುತ್ತದೆ. ಮೈನಸ್ ಇರುವುದರಿಂದ ಒಮ್ಮೆ ಮೇಲೆ, ಒಮ್ಮೆ ಕೆಳಗೆ, ನೀರಿನ ಅಲೆ ಸಾಯುವ ಹಾಗೆ.

ನನ್ನ 21 ಚುಕ್ಕೆಯ ಕೆರೆಗೆ ಇದನ್ನು ಹಚ್ಚಿ. ನಡುವೆ ಒಂದು ಸೆಂಟಿಮೀಟರ್ ತಪ್ಪು. ಅದರ ಮಗ್ಗುಲಿನ ಅಂತರ ಬಿಟ್ಟು ಮುಂದಿನದರ ಮಧ್ಯದಲ್ಲಿ ಸುಮಾರು 1.3 ಮಿಲಿಮೀಟರ್ ವ್ಯತ್ಯಾಸ, ಅದರ ಮುಂದಿನದರಲ್ಲಿ 0.34. ತುದಿ ಮುಟ್ಟುವಾಗ ಸೆಂಟಿಮೀಟರಿನ ಲಕ್ಷದ ಒಂದು ಪಾಲೂ ಉಳಿದಿರುವುದಿಲ್ಲ. ಬಹುಪದೋಕ್ತಿಯಲ್ಲಿ ಅದೇ ಜಾಗದಲ್ಲಿ ಹನ್ನೆರಡು ಮೀಟರ್ ಇತ್ತು, ನೆನಪಿದೆಯಾ? ಎಲ್ಲಾ ಚುಕ್ಕೆಗಳೂ ಸೇರಿ ಸಂಚು ಮಾಡಿದರೂ, ಸಮ ಅಂತರವಿದ್ದು ತುದಿಗಳಿಂದ ದೂರ ಇದ್ದರೆ ಸ್ಪ್ಲೈನ್ ತಪ್ಪನ್ನು ಹೆಚ್ಚೆಂದರೆ 1.55 ಪಟ್ಟು ಮಾಡುತ್ತದೆ. ಚುಕ್ಕೆ ನೂರಿರಲಿ, ಲಕ್ಷವಿರಲಿ, ಅಷ್ಟೇ. ರುಂಗೆಯ ಗುಡ್ಡಕ್ಕೂ 11 ಚುಕ್ಕೆಯಲ್ಲಿ ತಪ್ಪು 0.02ರ ಆಸುಪಾಸಿಗೆ ಇಳಿಯುತ್ತದೆ. ಅಂತರವನ್ನು ಅರ್ಧ ಮಾಡಿದರೆ, ನುಣುಪಾದ ಫಂಕ್ಷನ್ನಿಗೆ, ತಪ್ಪು ಹದಿನಾರನೇ ಒಂದು ಪಾಲಾಗುತ್ತದೆ.

ಈಗ ಆ ಎರಡನೇ ಉತ್ತರ. ಮೈನಸ್ 3.732. ಇದನ್ನು ಪುಸ್ತಕಗಳಲ್ಲಿ ಬೇಗ ದಾಟಿಬಿಡುತ್ತಾರೆ, ನನಗೆ ಮಾತ್ರ ಇದರ ಮೇಲೆ ಪ್ರೀತಿ ಜಾಸ್ತಿ. ಅದು ಎಲ್ಲಿ ಅಡಗಿ ಕೂತಿದೆ?

ಒಬ್ಬ ವಿದ್ಯಾರ್ಥಿ ಜಾಣತನ ಮಾಡುತ್ತಾನೆ ಎಂದುಕೊಳ್ಳಿ. ಸಮೀಕರಣಗಳನ್ನೆಲ್ಲ ಒಟ್ಟಿಗೆ ಬಿಡಿಸುವುದು ಯಾಕೆ, ಎಡ ತುದಿಯಲ್ಲಿ ಇಳಿಜಾರು ಮತ್ತು ಬಾಗು ಎರಡನ್ನೂ ಕೊಟ್ಟುಬಿಟ್ಟರೆ ಮೊದಲ ತುಂಡು ಸಿಗುತ್ತದೆ, ಅದರಿಂದ ಎರಡನೆಯದು, ಅದರಿಂದ ಮೂರನೆಯದು. ನಡೆದುಕೊಂಡು ಹೋದ ಹಾಗೆ ಬಲ ತುದಿಗೆ ಮುಟ್ಟಬಹುದು. ತರ್ಕದಲ್ಲಿ ತಪ್ಪೇ ಇಲ್ಲ. ಅದೇ ಸ್ಪ್ಲೈನು, ಅದೇ ಸಮೀಕರಣ. ಆದರೆ ಹೊರಡುವಾಗ ಕೂದಲೆಳೆಯಷ್ಟು ತಪ್ಪಿದ್ದರೂ ಪ್ರತಿ ಗಂಟಿಗೆ ಅದು 3.7 ಪಟ್ಟು ಆಗುತ್ತದೆ. ಹತ್ತು ಗಂಟಿಗೆ ಐದು ಲಕ್ಷ ಪಟ್ಟು ದಾಟುತ್ತದೆ. ಕಂಪ್ಯೂಟರ್ ಹದಿನಾರು ಅಂಕಿಯವರೆಗೆ ನೆನಪಿಟ್ಟುಕೊಂಡರೂ ಮೂವತ್ತು ಗಂಟಿನೊಳಗೆ ಎಲ್ಲವೂ ಕಸ.

ಇದನ್ನು ಬಿದಿರಿನಲ್ಲೇ ತೋರಿಸಿದೆ. ಮೂವರು ಹುಡುಗರಿಗೆ ಕೈ ಬಿಡಲು ಹೇಳಿದೆ. ಎಡಗಡೆಯ ಒಬ್ಬನೇ ಸೀಳಿನ ತುದಿ ಹಿಡಿದು, ಅಲ್ಲಿಂದಲೇ ತಿರುವಿ ತಿರುವಿ ಬಲ ತುದಿಯನ್ನು ಚುಕ್ಕೆಗೆ ಕೂರಿಸಬೇಕು. ಆಗುವುದೇ ಇಲ್ಲ. ಮಣಿಕಟ್ಟು ಒಂದಿಷ್ಟು ಅಲುಗಿದರೆ ಆ ತುದಿ ಒಂದು ಮೊಳ ಹಾರುತ್ತದೆ. ಎಲ್ಲರೂ ನಕ್ಕರು. ಅದೇ ಸೀಳನ್ನು ಎರಡೂ ತುದಿಗೆ ಹಿಡಿದರೆ ಅಲುಗಾಟ ನಿಂತಿತು. ಅಂದರೆ ಸ್ಥಿರತೆ ಇರುವುದು ಸ್ಪ್ಲೈನ್ ಎಂಬ ಹೆಸರಿನಲ್ಲಲ್ಲ, ಅದನ್ನು ಹಿಡಿಯುವ ರೀತಿಯಲ್ಲಿ. ಎರಡೂ ತುದಿಯಲ್ಲಿ ಒಂದೊಂದು ಷರತ್ತು ಇಟ್ಟರೆ 0.268 ಕೆಲಸಕ್ಕೆ ಬರುತ್ತದೆ. ಎರಡೂ ಷರತ್ತನ್ನು ಒಂದೇ ತುದಿಗೆ ಇಟ್ಟರೆ 3.732 ಎದ್ದು ಕೂರುತ್ತದೆ.

ಎರಡನೇ ಘಾತದ ತುಂಡುಗಳ ಕಥೆ ಇನ್ನೂ ಮಜಾ. ಅಲ್ಲಿ ಗಂಟುಗಳನ್ನು ಚುಕ್ಕೆಗಳ ಮೇಲೇ ಇಟ್ಟರೆ, ಒಂದು ಗಂಟಿನ ಇಳಿಜಾರು ಮತ್ತು ಮುಂದಿನದರ ಇಳಿಜಾರು, ಎರಡರ ಮೊತ್ತ ಚುಕ್ಕೆಗಳಿಂದಲೇ ತೀರ್ಮಾನವಾಗುತ್ತದೆ. ಶುರುವಿನಲ್ಲಿ ಇಳಿಜಾರು ಚೂರು ಜಾಸ್ತಿ ಇಟ್ಟರೆ ಮುಂದಿನದು ಅಷ್ಟೇ ಕಡಿಮೆ, ಅದರ ಮುಂದಿನದು ಮತ್ತೆ ಅಷ್ಟೇ ಜಾಸ್ತಿ. ಬೆಳೆಯುವುದೂ ಇಲ್ಲ, ಸಾಯುವುದೂ ಇಲ್ಲ. ಪಂಚಮಿಯ ಜೋಕಾಲಿ ಯಾರೂ ನಿಲ್ಲಿಸದೆ ತೂಗುತ್ತಲೇ ಇದ್ದ ಹಾಗೆ. ಗಂಟುಗಳನ್ನು ಚುಕ್ಕೆಗಳ ನಡುವೆ ಸರಿಸಿಬಿಟ್ಟರೆ ಜೋಕಾಲಿ ನಿಲ್ಲುತ್ತದೆ. ಗಂಟು ಎಲ್ಲಿ ಬೀಳಬೇಕು ಎನ್ನುವುದೂ ಸಣ್ಣ ವಿಷಯವಲ್ಲ.

ತುದಿಗಳ ಬಗ್ಗೆ ಒಂದು ಮಾತು. ತುದಿಯಲ್ಲಿ ಬಾಗು ಸೊನ್ನೆ ಎಂದು ಇಡುವುದು ಸುಲಭ, ಬಿದಿರಿಗೂ ಸಹಜ. ಆದರೆ ನಿಜವಾದ ಫಂಕ್ಷನ್ ಅಲ್ಲಿ ಬಾಗಿದ್ದರೆ ನಾವು ಸುಳ್ಳು ಹೇಳಿದ ಹಾಗಾಯಿತು. ಆಗ ತುದಿಯ ಹತ್ತಿರ ಆ ಹದಿನಾರನೇ ಒಂದರ ಲಾಭ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಸುಳ್ಳು ಒಳಗೆ ದೂರ ಹೋಗುವುದಿಲ್ಲ, ಅದೂ 27 ಪೈಸೆಯ ಲೆಕ್ಕದಲ್ಲೇ ಸಾಯುತ್ತದೆ. ತುದಿಯ ಇಳಿಜಾರು ಗೊತ್ತಿದ್ದರೆ ಅದನ್ನು ಕೊಡಿ. ಗೊತ್ತಿಲ್ಲದಿದ್ದರೆ ಮೊದಲ ಎರಡು ತುಂಡುಗಳನ್ನು ಒಂದೇ ಬಹುಪದೋಕ್ತಿ ಮಾಡಿ. ಬಹಳ ಸಾಫ್ಟ್‌ವೇರ್‌ಗಳು ಹಾಗೇ ಮಾಡುತ್ತವೆ.

ಹಿಂದಿನ ಸಾಲಿನ ಇಂಜಿನಿಯರರೊಬ್ಬರು ಇಲ್ಲಿ ತಡೆದರು. "ಎಲ್ಲಾ ಖರೇ ಐತ್ರಿ ಸರ. ಆದ್ರ ನಿಮ್ಮ ಸ್ಪ್ಲೈನ್ ನಡುವ ಡುಬ್ಬ ಏಳತೈತಿ. ಮಟ್ಟ ಏರಿದಾಗ ನೀರ ಕಮ್ಮಿ ಆತು ಅಂತ ತೋರಿಸಿದ್ದ ನಾ ನೋಡೇನ್ರಿ."

ಅನುಭವಸ್ಥರ ಮಾತು. ಸ್ಥಿರತೆಯೇ ಬೇರೆ, ಆಕಾರ ಕಾಪಾಡುವುದೇ ಬೇರೆ. ತಳ ಚಪ್ಪಟೆಯಾಗಿದ್ದು ಥಟ್ಟನೆ ದಡ ಏರಿದರೆ, ಅಥವಾ ಉಲ್ಟಾ ಆದರೆ, ಘನ ಸ್ಪ್ಲೈನ್ ಚೂರು ಮುಗ್ಗರಿಸಿ ಚುಕ್ಕೆಗಿಂತ ಕೆಳಗೆ ಇಳಿದು ಏರುತ್ತದೆ. ಬಿದಿರೂ ಹಾಗೇ ಮಾಡುತ್ತದೆ, ಅದಕ್ಕೆ ಕೆರೆಯ ನೀರು ಏರಲೇಬೇಕು ಎಂದು ಗೊತ್ತಿಲ್ಲವಲ್ಲ. ಏರುವ ಪಟ್ಟಿಗೆ ಏರುವ ಗೆರೆಯೇ ಬೇಕಿದ್ದರೆ 1980ರಲ್ಲಿ ಫ್ರಿಟ್ಷ್ ಮತ್ತು ಕಾರ್ಲ್‌ಸನ್ ಕೊಟ್ಟ ದಾರಿ ಇದೆ. ಗಂಟಿನಲ್ಲಿ ಬಾಗು ಕೂಡಿಬರಬೇಕು ಎಂಬ ಹಟ ಬಿಟ್ಟು, ಇಳಿಜಾರುಗಳಿಗೆ ಒಂದು ಮಿತಿ ಹಾಕುತ್ತಾರೆ. ಗೆರೆಯ ನುಣುಪು ಸ್ವಲ್ಪ ಕಡಿಮೆ, ಆದರೆ ಡುಬ್ಬ ಏಳುವುದಿಲ್ಲ. ನೀರಿನ ಪಟ್ಟಿಗೆ ನಾನಾದರೆ ಅದನ್ನೇ ಆರಿಸುತ್ತೇನೆ.

ಅಂತರಗಳು ಮನಬಂದಂತೆ ಇದ್ದರೂ ಎಚ್ಚರ ಬೇಕು. ಒಂದು ಕಡೆ ಸಾಸಿವೆಯಷ್ಟು ಅಂತರ, ಪಕ್ಕದಲ್ಲೇ ಗಜದಷ್ಟು. ಆಗಲೂ ಸಮೀಕರಣಗಳು ಬಿಡಿಸಲು ಸಲೀಸು, ನನ್ನ ಮಾತಿನ ತೂಕ ನೆರೆಯವರದಕ್ಕಿಂತ ಎರಡು ಪಟ್ಟು ಇದ್ದೇ ಇರುತ್ತದೆ. ಆದರೆ ಆ 1.55ರ ಭರವಸೆ ಉಳಿಯುವುದಿಲ್ಲ. ಸಾಸಿವೆ ಅಂತರದ ಎರಡು ಚುಕ್ಕೆಗಳಲ್ಲಿ ಅಳತೆ ಒಂದಿಷ್ಟು ತಪ್ಪಿದರೂ ಅಲ್ಲಿಯ ಇಳಿಜಾರು ಗೋಡೆಯಷ್ಟು ಕಡಿದಾಗುತ್ತದೆ, ಆ ಕಡಿದಾದ ಇಳಿಜಾರು ಪಕ್ಕದ ದೊಡ್ಡ ಅಂತರದಲ್ಲಿ ಗುಡ್ಡವಾಗಿ ಏಳುತ್ತದೆ.

ಇದಕ್ಕೆ ಮದ್ದು ಎಂದರೆ ಚುಕ್ಕೆಗಳನ್ನು ಮುಟ್ಟಲೇಬೇಕು ಎಂಬ ಹಟ ಬಿಡುವುದು. ಅಳತೆಯಲ್ಲಿ ತಪ್ಪಿದೆ ಎಂದು ಗೊತ್ತಿದ್ದೂ ಅದನ್ನೇ ಮುಟ್ಟಿ ಹೋಗುವುದು ಎಂಥ ಭಕ್ತಿ? ಕಡಿಮೆ ಗಂಟು ಇಟ್ಟು, ಎಲ್ಲಾ ಚುಕ್ಕೆಗಳ ಹತ್ತಿರ ಹಾಯುವ, ತಪ್ಪುಗಳ ವರ್ಗದ ಮೊತ್ತ ಕಡಿಮೆ ಇರುವ ಸ್ಪ್ಲೈನ್ ಹುಡುಕಬಹುದು. ಬಿಡಿ ಚುಕ್ಕೆಗಳ ಬದಲು ಇಡೀ ಫಂಕ್ಷನ್ನಿಗೇ ಹೀಗೆ ಮಾಡಿದರೆ ಗಂಟುಗಳನ್ನು ಎಷ್ಟು ವಕ್ರವಾಗಿ ಇಟ್ಟರೂ ಗೆರೆಯ ಎತ್ತರ ಫಂಕ್ಷನ್ನಿನ ಎತ್ತರದ ಇಂತಿಷ್ಟು ಪಟ್ಟು ದಾಟುವುದಿಲ್ಲ, ಆ ಪಟ್ಟು ಘಾತದ ಮೇಲೆ ಮಾತ್ರ ನಿಂತಿದೆ ಎಂದು ಕಾರ್ಲ್ ಡಿ ಬೋರ್ 1973ರಲ್ಲಿ ಊಹಿಸಿದ. ಸಾಧಿಸಲು ಆಗಲಿಲ್ಲ. ಸಣ್ಣ ಘಾತಗಳಿಗೆ ಗೊತ್ತಿತ್ತು, ಎಲ್ಲಾ ಘಾತಕ್ಕೆ ಇಲ್ಲ. ಕೊನೆಗೆ 2001ರಲ್ಲಿ ಅಲೆಕ್ಸಿ ಶಾದ್ರಿನ್ ಸಾಧಿಸಿದ. ಮಾತು ಅಷ್ಟು ಸರಳ, ಹಿಡಿದದ್ದು 28 ವರ್ಷ.

ಕೋಡ್ ಬರೆಯುವವರಿಗೆ ಇನ್ನೊಂದು ಬಲೆ. ಸ್ಪ್ಲೈನನ್ನು ಯಾವ ಇಟ್ಟಿಗೆಗಳಿಂದ ಕಟ್ಟುತ್ತೀರಿ? ಪಠ್ಯಗಳಲ್ಲಿ ಮೊದಲು ಬರುವ ಇಟ್ಟಿಗೆ, ಒಂದು ಗಂಟಿನವರೆಗೆ ಸೊನ್ನೆ ಇದ್ದು ಅಲ್ಲಿಂದ ಘನವಾಗಿ ಏರುತ್ತಲೇ ಹೋಗುವುದು. ಇಪ್ಪತ್ತು ಹೆಜ್ಜೆ ಆಚೆಗೆ ಅದರ ಬೆಲೆ 8000. ಇಂಥ ಸಾವಿರಗಳನ್ನು ಕೂಡಿಸಿ ಕಳೆದು ಕೊನೆಗೆ 1 ಎಂಬ ಉತ್ತರ ತೆಗೆಯಬೇಕು. ಮದುವೆ ಮನೆಯಲ್ಲಿ ಲಕ್ಷ ಖರ್ಚಿನ ಲೆಕ್ಕದಿಂದ ಎಲೆ ಅಡಿಕೆಯ ಚಿಲ್ಲರೆ ಹುಡುಕಿದ ಹಾಗೆ, ಚಿಲ್ಲರೆ ಕಳೆದೇಹೋಗುತ್ತದೆ. ಇದರ ಬದಲು ಬಿ-ಸ್ಪ್ಲೈನ್ ಎಂಬ ಇಟ್ಟಿಗೆ ಇದೆ. ಪ್ರತಿಯೊಂದೂ ನಾಲ್ಕು ಅಂತರದಷ್ಟೇ ಅಗಲದ ಒಂದು ಸಣ್ಣ ದಿಬ್ಬ, ಆಚೆಗೆ ಸೊನ್ನೆ. ಯಾವುದೂ ಮೈನಸ್ ಆಗುವುದಿಲ್ಲ. ಯಾವ ಜಾಗದಲ್ಲಿ ನಿಂತರೂ ನಾಲ್ಕು ದಿಬ್ಬಗಳು ಮಾತ್ರ ಇರುತ್ತವೆ, ಅವುಗಳ ಮೊತ್ತ ಸರಿಯಾಗಿ 1. ಹಾಗಾಗಿ ಗೆರೆಯ ಎತ್ತರ ಎಂದರೆ ನಾಲ್ಕು ಸಂಖ್ಯೆಗಳ ಸರಾಸರಿ. ಆ ನಾಲ್ಕರಲ್ಲಿ ಪೈಸೆ ತಪ್ಪಿದರೆ ಸರಾಸರಿಯಲ್ಲಿ ಪೈಸೆಗಿಂತ ಜಾಸ್ತಿ ತಪ್ಪಲು ಸಾಧ್ಯವೇ ಇಲ್ಲ. 1972ರಲ್ಲಿ ಡಿ ಬೋರ್ ಮತ್ತು ಕಾಕ್ಸ್ ಬೇರೆ ಬೇರೆಯಾಗಿ ಪ್ರಕಟಿಸಿದ ಸೂತ್ರದಲ್ಲೂ ಇದೇ ಗುಣ. ಹೆಜ್ಜೆ ಹೆಜ್ಜೆಗೂ ಸರಾಸರಿ ತೆಗೆಯುತ್ತಾ ಹೋಗುತ್ತದೆ, ದೊಡ್ಡದರಿಂದ ದೊಡ್ಡದನ್ನು ಕಳೆಯುವ ಗೋಜೇ ಇಲ್ಲ.

ಕರೆಂಟ್ ಬಂದದ್ದು ಈ ಹೊತ್ತಿಗೆ. ಫ್ಯಾನ್ ತಿರುಗಿತು, ಚಪ್ಪಾಳೆ ಬಿತ್ತು. ಅದು ನನಗೋ ಫ್ಯಾನಿಗೋ ಗೊತ್ತಾಗಲಿಲ್ಲ.

ಚಹಾ ಕುಡಿಯುವಾಗ ಇಳಕಲ್ಲಿನ ಹುಡುಗಿ ಬಂದು ಕೇಳಿದಳು. "ಸರ, ಆ ಕೆರಿ ಪಟ್ಟಿ ಕಡೀಕ ಏನಾತ್ರಿ? ಹನ್ನೊಂದನೇ ಸಾಲು ಅಂತ ಹೆಂಗ ಗೊತ್ತಾತ್ರಿ?"

ಮೂರನೇ ದಿನ ಬೇಸರದಿಂದ ಅದೇ 21 ಸಂಖ್ಯೆಗಳಿಗೆ ಘನ ಸ್ಪ್ಲೈನ್ ಹಾಕಿ, ಪ್ರತಿ ಗಂಟಿನ ಬಾಗನ್ನು ಒಂದು ಹಾಳೆಯ ಮೇಲೆ ಸಾಲಾಗಿ ಬರೆದಿದ್ದೆ ಎಂದೆ. ಮೊದಲ ಆರೇಳು ಸಾಲು ಶಾಂತವಾಗಿದ್ದವು, ಕೊನೆಯ ಆರೇಳೂ ಶಾಂತ. ನಡುವೆ ಮಾತ್ರ ಮೇಲೆ, ಕೆಳಗೆ, ಮೇಲೆ ಎಂದು ಕುಣಿದಿತ್ತು. ಕುಣಿತದ ನಟ್ಟನಡುವೆ ಬೆರಳಿಟ್ಟು ಮೂಲ ಹಾಳೆ ತೆರೆದೆ. ಏಳು ಎಂದು ನಾನು ಓದಿದ್ದ ಅಂಕಿಗೆ ತಲೆಯ ಮೇಲೆ ಅಡ್ಡಗೆರೆಯೇ ಇರಲಿಲ್ಲ. ಪೆನ್ನಿನ ಮಸಿ ಚೂರು ಹರಡಿತ್ತು, ಅಷ್ಟೇ.